ಪರಾವರ್ತಿತ ಕ್ರಿಯೆ: ನಾವು ಹೇಳದೆಯೇ ಸ್ನಾಯು ಕೆಲಸ ಮಾಡುವುದು ಹೇಗೆ?

ಡಾಕ್ಟರು ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ತಡೆಯೋಣ ಅಂತ ಅಂದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹೀಗೆ ನಮ್ಮ ತೀರ್ಮಾನಕ್ಕೆ ಕಾಯದೆ ನರಗಳು ಸ್ನಾಯುವಿನಿಂದ ಮಾಡಿಸುವ ಕೆಲಸವೇ ಪರಾವರ್ತಿತ ಕ್ರಿಯೆ. ಆಸ್ಪತ್ರೆಯಲ್ಲಿ ಇದನ್ನು ರಿಫ್ಲೆಕ್ಸ್ ಅನ್ನುತ್ತಾರೆ. ಸುದ್ದಿ ಹೋಗಿ ಬರುವ ದಾರಿಗೆ ಪರಾವರ್ತಿತ ಚಾಪ ಎಂದು ಹೆಸರು.

ಮಂಡಿಯ ಉದಾಹರಣೆಯನ್ನೇ ನಿಧಾನವಾಗಿ ನೋಡೋಣ. ಇದಕ್ಕಿಂತ ಸರಳವಾದ ಚಾಪ ಇನ್ನೊಂದಿಲ್ಲ. ಸುತ್ತಿಗೆಯ ಪೆಟ್ಟಿಗೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಒಂಚೂರು ಹಿಗ್ಗುತ್ತದೆ. ಎಷ್ಟು ಹಿಗ್ಗಿದೆ ಎಂದು ಗುರುತಿಸುವ ಸಣ್ಣ ರಚನೆಗಳು ಆ ಸ್ನಾಯುವಿನ ಒಳಗೇ ಇವೆ. ಅಲ್ಲಿಂದ ಹೊರಟ ಸುದ್ದಿ ಸಂವೇದನಾ ನರದ ಮೂಲಕ ಬೆನ್ನುಹುರಿ ಸೇರುತ್ತದೆ. ಅಲ್ಲಿ ಈ ನರ ಅದೇ ಸ್ನಾಯುವನ್ನು ನಡೆಸುವ ಚಾಲಕ ನರಕೋಶವನ್ನು ನೇರವಾಗಿ ಮುಟ್ಟುತ್ತದೆ. ದಾಟಬೇಕಾದದ್ದು ಬೆನ್ನುಹುರಿಯಲ್ಲಿ ಎರಡು ನರಕೋಶಗಳು ಸೇರುವ ಒಂದೇ ಒಂದು ಸಂಧಿ. ಪೆಟ್ಟು ಬಿದ್ದ ಸುಮಾರು 20ರಿಂದ 30 ಮಿಲಿಸೆಕೆಂಡಿನಲ್ಲಿ ಸ್ನಾಯು ಬಿಗಿಯಲು ಶುರುವಾಗುತ್ತದೆ. ಮಿದುಳಿಗೂ ಸುದ್ದಿ ಮುಟ್ಟುತ್ತದೆ, ಆದರೆ ಆಮೇಲೆ.

1875ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್ ಎಂಬ ವೈದ್ಯರು ಇದನ್ನು ಬೇರೆಬೇರೆಯಾಗಿ ಬರೆದು ಪ್ರಕಟಿಸಿದರು. ಅಂದಿನಿಂದ ಇದು ನರಗಳ ಪರೀಕ್ಷೆಯ ಭಾಗ. ಆದರೆ ದೇಹ ಇದನ್ನು ಇಟ್ಟುಕೊಂಡಿರುವುದು ಡಾಕ್ಟರಿಗಾಗಿ ಅಲ್ವಲ್ಲ. ನಿಂತಿರುವಾಗ ಮಂಡಿ ಸ್ವಲ್ಪ ಕುಸಿದರೂ ತೊಡೆಯ ಸ್ನಾಯು ಹಿಗ್ಗುತ್ತದೆ, ಕೂಡಲೇ ಇದೇ ಚಾಪ ಅದನ್ನು ಬಿಗಿ ಮಾಡುತ್ತದೆ. ನಾವು ಕುಸಿಯದೆ ನಿಲ್ಲುವುದರಲ್ಲಿ ಇದರ ಪಾಲೂ ಇದೆ.

ನನಗೆ ಇಲ್ಲಿ ತುಂಬಾ ಇಷ್ಟವಾಗುವ ಸಂಗತಿ ಬೇರೆಯೇ. ಕಾಲು ಮುಂದೆ ಬರಬೇಕಾದರೆ ತೊಡೆಯ ಹಿಂದಿನ ಸ್ನಾಯು ಸಡಿಲವಾಗಬೇಕು. ಆದರೆ ಮೂಳೆಗೆ ಅಂಟಿದ ಸ್ನಾಯುವಿಗೆ, ಅಂದರೆ ಅಸ್ಥಿ ಸ್ನಾಯುವಿಗೆ, ಚಾಲಕ ನರ ಕೊಡಬಲ್ಲದ್ದು ‘ಬಿಗಿಯಾಗು’ ಎಂಬ ಆಜ್ಞೆ ಮಾತ್ರ. ‘ಸಡಿಲವಾಗು’ ಎನ್ನುವ ನರ ಆ ಸ್ನಾಯುವಿಗೆ ಇಲ್ಲವೇ ಇಲ್ಲ. ಹಾಗಾಗಿ ಸಡಿಲಿಸುವ ಕೆಲಸ ಬೆನ್ನುಹುರಿಯಲ್ಲೇ ನಡೆಯಬೇಕು. ಅಲ್ಲೊಂದು ನಡುವಿನ ನರಕೋಶ ಹಿಂದಿನ ಸ್ನಾಯುವಿನ ಚಾಲಕ ನರಕೋಶವನ್ನು ಸುಮ್ಮನಾಗಿಸುತ್ತದೆ. ಇದನ್ನು ವಿವರವಾಗಿ ತೋರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್. ನರಕೋಶಗಳ ಬಗೆಗಿನ ಕೆಲಸಕ್ಕಾಗಿ 1932ರ ನೊಬೆಲ್ ಬಹುಮಾನವನ್ನು ಅವರು ಎಡ್ಗರ್ ಏಡ್ರಿಯನ್ ಜೊತೆ ಹಂಚಿಕೊಂಡರು.

ಕರುಳು, ರಕ್ತನಾಳ, ಮೂತ್ರಕೋಶ, ಕಣ್ಣಿನ ಪಾಪೆಯ ಸುತ್ತ ಇರುವ ನುಣುಪು ಸ್ನಾಯುವಿನ ಕಥೆ ಹೀಗಿಲ್ಲ. ಅಲ್ಲಿಗೆ ಬರುವುದು ಸ್ವಯಂಚಾಲಿತ ನರವ್ಯೂಹದ ನರಗಳು. ಅನೇಕ ಕಡೆ ಬಿಗಿಸುವ ಮತ್ತು ಸಡಿಲಿಸುವ ಎರಡೂ ಆಜ್ಞೆಗಳು ಸ್ನಾಯುವಿನವರೆಗೂ ಬರುತ್ತವೆ. ಇನ್ನೂ ದೊಡ್ಡ ವ್ಯತ್ಯಾಸ ನರ ಕತ್ತರಿಸಿದಾಗ ಗೊತ್ತಾಗುತ್ತದೆ. ಅಸ್ಥಿ ಸ್ನಾಯು ಜೋತುಬಿದ್ದು ಕ್ರಮೇಣ ಸಣಕಲಾಗುತ್ತದೆ. ಕರುಳು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಹೊರಗಿನ ನರಗಳನ್ನು ಕತ್ತರಿಸಿದ ಮೇಲೂ, ಕರುಳನ್ನು ಒಂದು ಕಡೆ ಕೆಣಕಿದರೆ ಅದರ ಹಿಂದಿನ ಭಾಗ ಬಿಗಿಯಾಯಿತು, ಮುಂದಿನ ಭಾಗ ಸಡಿಲವಾಯಿತು. ಉಂಡದ್ದು ಮುಂದಕ್ಕೆ ಹೋಗುವುದು ಹೀಗೆಯೇ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ, ಇಡೀ ಚಾಪವೇ ಅಲ್ಲಿದೆ.

ಅಸ್ಥಿ ಸ್ನಾಯು ನಮ್ಮ ಹಿಡಿತದಲ್ಲಿದೆ, ನುಣುಪು ಸ್ನಾಯು ಇಲ್ಲ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ತಪ್ಪು ತಿಳಿವಳಿಕೆಯಾಗುತ್ತದೆ. ಉಸಿರಾಡಿಸುವ ವಪೆ ಅಸ್ಥಿ ಸ್ನಾಯುವೇ, ಆದರೂ ನಿದ್ದೆಯಲ್ಲಿ ಅದು ನಮ್ಮನ್ನು ಕೇಳುವುದಿಲ್ಲ. ಎರಡೂ ಸ್ನಾಯುಗಳು ಕೂಡಿ ಕೆಲಸ ಮಾಡುವ ಜಾಗಗಳೂ ಇವೆ. ಮೂತ್ರಕೋಶದ ಗೋಡೆ ನುಣುಪು ಸ್ನಾಯು, ಹೊರಬಾಗಿಲು ಕಾಯುವ ಬಿಗಿಬಳೆ ಅಸ್ಥಿ ಸ್ನಾಯು. ಕೋಶ ತುಂಬಿ ಗೋಡೆ ಹಿಗ್ಗಿದಾಗ ಬೆನ್ನುಹುರಿಯ ತುದಿಭಾಗಕ್ಕೆ ಸುದ್ದಿ ಹೋಗುತ್ತದೆ. ಎಳೆಮಗುವಿನಲ್ಲಿ ಮೂತ್ರ ತಾನಾಗಿ ಹೊರಬರುತ್ತದೆ. ಬೆಳೆಯುತ್ತಾ ಮಿದುಳು ‘ಈಗ ಬೇಡ’ ಎನ್ನಲು ಕಲಿಯುತ್ತದೆ. ಬಿದ್ದು ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕೆಲವು ವಾರಗಳಾದ ಮೇಲೆ ಈ ಚಾಪ ಮರಳಿ ಎಚ್ಚರಗೊಳ್ಳಬಹುದು. ಆದರೆ ಗೋಡೆ ಬಿಗಿಯುವಾಗಲೇ ಬಾಗಿಲೂ ಬಿಗಿದರೆ ಮೂತ್ರ ಪೂರ್ತಿ ಹೋಗದೆ ಒಳಗಿನ ಒತ್ತಡ ಏರುತ್ತದೆ. ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೂ ಹಾನಿ. ಅಂಥವರಿಗೆ ಹೊತ್ತುಹೊತ್ತಿಗೆ ಕೊಳವೆ ಹಾಕಿ ಮೂತ್ರ ತೆಗೆಯುವುದು ಎಷ್ಟು ಮುಖ್ಯ ಎಂದು ಮನೆಯವರಿಗೆ ಬಿಡಿಸಿ ಹೇಳಲೇಬೇಕು.

ಎರಡು ಬಗೆಯ ಸ್ನಾಯುಗಳ ಈ ವ್ಯತ್ಯಾಸ ನಮ್ಮ ಹೊಲಗಳ ತನಕ ಬರುತ್ತದೆ. ನರಗಳು ಅಸ್ಥಿ ಸ್ನಾಯುವನ್ನು ಬಿಗಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಿಂದ. ಪಾಪೆ, ಕರುಳು, ಶ್ವಾಸನಾಳಗಳ ನುಣುಪು ಸ್ನಾಯುವಿಗೂ ಅದೇ ಬಳಕೆಯಾಗುತ್ತದೆ. ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಎರಡು ಕಡೆ ಬೇರೆಬೇರೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಸೇರಿದರೆ ಅಸಿಟೈಲ್‌ಕೋಲಿನ್ ಒಡೆಯದೆ ಉಳಿದುಬಿಡುತ್ತದೆ. ಆಗ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಜೊಲ್ಲು ಸುರಿಯುತ್ತದೆ, ಭೇದಿಯಾಗುತ್ತದೆ, ಎದೆ ಬಿಗಿಯುತ್ತದೆ. ಮೈಯ ಸ್ನಾಯುಗಳು ಅದುರಿ ಅದುರಿ ಕೊನೆಗೆ ಸೋಲುತ್ತವೆ. ಔಷಧ ಹೊಡೆದು ಬಂದವರಲ್ಲಿ ಇಂಥ ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಕೊಡುವ ಅಟ್ರೋಪಿನ್ ಶ್ವಾಸನಾಳದ ನುಣುಪು ಸ್ನಾಯುವನ್ನು ಸಡಿಲಿಸುತ್ತದೆ, ಕಫ ಉಕ್ಕುವುದನ್ನು ತಡೆಯುತ್ತದೆ. ಅಸ್ಥಿ ಸ್ನಾಯುವಿನ ಗ್ರಾಹಕದ ಮೇಲೆ ಅದರ ಆಟ ನಡೆಯುವುದಿಲ್ಲ. ಅದಕ್ಕೇ ಇಂಜೆಕ್ಷನ್ ಕೊಟ್ಟ ಮೇಲೂ ವಪೆ ಸೋತಿದ್ದರೆ, ಅದಕ್ಕೆ ಬಲ ಮರಳುವ ತನಕ ರೋಗಿಯನ್ನು ವೆಂಟಿಲೇಟರ್ ಮೇಲೆ ಇಡಬೇಕಾಗುತ್ತದೆ.