ಪದ ಪರಿಚಯ: ಕೊಲಾಜ್

ಫ್ರೆಂಚಿನಲ್ಲಿ ‘ಕೊಲೆ’ ಎಂದರೆ ಅಂಟಿಸುವುದು. ನಮ್ಮ ಕೊಲೆಗೂ ಅದಕ್ಕೂ ನಂಟಿಲ್ಲ, ಗಾಬರಿ ಬೇಡ. ಕೊಲಾಜ್ ಎಂಬ ಪದ ಅಲ್ಲಿಂದಲೇ ಹುಟ್ಟಿದ್ದು: ಕಾಗದ, ಬಟ್ಟೆ, ಹಗ್ಗ, ಕೈಗೆ ಸಿಕ್ಕಿದ್ದನ್ನು ಅಂಟಿಸಿ ಕಟ್ಟುವ ಚಿತ್ರ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಬರೆಯುವ ಗೋಜಿಗೇ ಹೋಗದೆ, ಆ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಚೌಕಟ್ಟಿನ ಜಾಗದಲ್ಲಿ ಹಗ್ಗ ಸುತ್ತಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್ ಕಾಗದದ ತುಂಡುಗಳನ್ನು ಅಂಟಿಸತೊಡಗಿದ. ಒಂದೇ ಕೃತಿಯಲ್ಲಿ ಹಲವು ಬಗೆಯ ಸಾಮಗ್ರಿ ಬೆರೆಸುವ ‘ಮಿಶ್ರ ಮಾಧ್ಯಮ’ ಇದಕ್ಕಿಂತ ದೊಡ್ಡ ಚೀಲ; ಕೊಲಾಜ್ ಅದರೊಳಗೆ ಹಿಡಿಸುತ್ತದೆ.

ಮಡಿಕೇರಿಯಲ್ಲಿ ನನ್ನ ಗೆಳತಿಯೊಬ್ಬಳು ಬಟ್ಟೆ, ಬಣ್ಣ ಎರಡನ್ನೂ ಪದರ ಪದರವಾಗಿ ಕೂರಿಸುತ್ತಾಳೆ. ಅವಳ ಒಂದು ಚಿತ್ರದಲ್ಲಿ ಅಜ್ಜನ ಚೇಲೆಯ ತುಂಡಿದೆ, ಕೊಡವ ಗಂಡಸರು ಕುಪ್ಯ ಎಂಬ ಉದ್ದ ನಿಲುವಂಗಿಯ ಮೇಲೆ ಸೊಂಟಕ್ಕೆ ಬಿಗಿಯುವ ಕೆಂಪು ರೇಷ್ಮೆ. ಅದರ ಮೇಲೆ ತೆಳ್ಳಗೆ ಹಸಿರು ಬಳಿದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದ್ದಾಳೆ. ದೂರದಿಂದ ಮಂಜು ಕವಿದ ಕಾಫಿ ತೋಟ. ಹತ್ತಿರ ಹೋದರೆ ಜರಿಯ ಎಳೆ, ಪೀಚೆಕತ್ತಿ ಸಿಕ್ಕಿಸಿ ಸಿಕ್ಕಿಸಿ ಸವೆದ ಮಡಿಕೆ. ಬಣ್ಣದಲ್ಲಿ ಬರೆದ ಬಟ್ಟೆಗೆ ಈ ಸವೆತ ಬರುವುದಿಲ್ಲ. ಕೊಲಾಜಿನಲ್ಲಿ ಬಟ್ಟೆ ಚಿತ್ರದ ಭಾಗವಾದರೂ ಬಟ್ಟೆಯಾಗಿಯೇ ಉಳಿಯುತ್ತದೆ. ಪದದ ಜೀವ ಇರುವುದು ಅಲ್ಲೇ ಎಂದು ನನಗನಿಸುತ್ತದೆ.

ನೋಡಲು ಬಂದವರೊಬ್ಬರು, “ಇದು ನಮ್ಮ ಕಡೆಯ ಕೌದಿ ಥರಾನೇ ಅಲ್ವಾ?” ಎಂದರು. ತುಂಡು ಜೋಡಿಸುವುದು ಎರಡರಲ್ಲೂ ಇದೆ, ನಿಜ. ಆದರೆ ಕೌದಿಯನ್ನು ಹಿಡಿದಿಡುವುದು ಹೊಲಿಗೆ, ಮತ್ತೆ ಅದು ಹೊದೆಯಲಿಕ್ಕೆ. “ಇದನ್ನ ಹೊದ್ದರೆ ಬಣ್ಣ ಉದುರ್ತದೆ ಮಾರಾಯ್ರೆ” ಅಂದಳು ಗೆಳತಿ.

ಅಂಟಿನ ಪಾಠವನ್ನು ಅವಳಿಗೆ ಕಲಿಸಿದ್ದು ಕೊಡಗಿನ ಮಳೆ. ಮೊದಮೊದಲು ಮೈದಾ ಅಂಟು ಕಾಯಿಸಿ ಹಚ್ಚಿದ್ದಳು. ಜುಲೈ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದು, ಬೆಳ್ಳಿಮೀನು ಹುಳ ಅಂಚನ್ನೆಲ್ಲ ಮೇಯ್ದಿತ್ತು. ಈಗ ಅಕ್ರಿಲಿಕ್. ಒಣಗಿದರೆ ಪ್ಲಾಸ್ಟಿಕ್ ಪೊರೆಯಾಗುವುದರಿಂದ ಬಣ್ಣವೂ ಅದೇ, ಅಂಟೂ ಅದೇ. ಎಣ್ಣೆಬಣ್ಣವನ್ನು ಬರೀ ಬಟ್ಟೆಗೆ ಬಳಿದರೆ ಎಣ್ಣೆ ನೂಲಿಗಿಳಿದು ಕಾಲಕ್ರಮೇಣ ಬಟ್ಟೆಯೇ ಗರಿಗರಿಯಾಗಿ ಮುರಿಯುತ್ತದೆ, ಹಾಗಾಗಿ ಕೆಳಗೆ ಅಸ್ತರಿ ಬಣ್ಣ ಬೇಕೇ ಬೇಕು.

ಇಷ್ಟಾದರೂ ಮಳೆಗಾಲದಲ್ಲಿ ಅವಳಿಗೆ ಗೋಡೆಯ ಮೇಲೆ ನಂಬಿಕೆಯಿಲ್ಲ. ಚೇಲೆಯ ಚಿತ್ರದ ಹಿಂದೆ ಎರಡು ಬಾಟಲಿ ಬಿರಡೆ ಅಂಟಿಸಿದ್ದಾಳೆ, ಒದ್ದೆ ಗೋಡೆಗೆ ತಾಗದೆ ಒಂದಿಷ್ಟು ಗಾಳಿ ಆಡಲಿ ಅಂತ.