ಬೆಳಗಿನ ಜಾವ ಹೊಂಡದ ಮೀನು ಮೇಲೆ ಬಂದು ಬಾಯಿ ಬಿಡುವುದೇಕೆ?

ಪ್ರಶ್ನೆ: ನಮ್ಮ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಒಂದು ವಾರದಿಂದ ಬೆಳಕು ಹರಿಯುವ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತವೆ. ಬಿಸಿಲೇರಿದರೆ ಕೆಳಗಿಳಿಯುತ್ತವೆ. ಎರಡು ದೊಡ್ಡ ಮೀನು ಸತ್ತವು. ಅವು ಗಾಳಿ ಕುಡಿಯುತ್ತಿವೆಯೇ? ಹಾಗಿದ್ದರೆ ಸಾಯುವುದೇಕೆ?

ಉತ್ತರ: ಕುಡಿಯುತ್ತಿರುವುದು ಗಾಳಿಯನ್ನಲ್ಲ, ಗಾಳಿಗೆ ತಾಗಿಕೊಂಡಿರುವ ಕೆಲವೇ ಮಿಲಿಮೀಟರ್ ದಪ್ಪದ ನೀರನ್ನು. ಆ ಹೊತ್ತಿಗೆ ಹೊಂಡದಲ್ಲಿ ಒಂದಿಷ್ಟು ಆಮ್ಲಜನಕ ಉಳಿದಿರುವ ಜಾಗ ಅದೊಂದೇ.

ನೀರಿನಲ್ಲಿ ಆಮ್ಲಜನಕ ಎಷ್ಟು ಕಡಿಮೆ ಎಂಬುದು ಗೊತ್ತಾದರೆ ಉಳಿದದ್ದು ಸುಲಭ. 30 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಅದೇ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು 7.5 ಮಿಲಿಗ್ರಾಂ ಮಾತ್ರ. ಅದೂ ಗಾಳಿಗಿಂತ 800 ಪಟ್ಟು ಭಾರದ ನೀರನ್ನು ಬಾಯಿಂದ ಒಳಗೆಳೆದು ಕಿವಿರಿನ ಮೂಲಕ ಹೊರಗೆ ತಳ್ಳಬೇಕು. ಇಷ್ಟು ಬಡ ನೀರಿನಲ್ಲಿ ಮೀನು ಬದುಕುವುದು ಅದರ ಕಿವಿರಿನ ರಚನೆಯಿಂದ. ಒಂದೊಂದು ಬದಿಗೆ 4 ಕಮಾನು, ಪ್ರತಿ ಕಮಾನಿನಲ್ಲಿ ಎರಡು ಸಾಲು ಎಳೆ, ಪ್ರತಿ ಎಳೆಯ ಮೇಲೂ ಒತ್ತೊತ್ತಾಗಿ ತೆಳುವಾದ ಪದರಗಳು. ಆ ಪದರಗಳೊಳಗೆ ರಕ್ತ ನೀರಿಗೆ ಎದುರು ದಿಕ್ಕಿನಲ್ಲಿ ಹರಿಯುತ್ತದೆ. ಹಾಗಾಗಿ ರಕ್ತ ಎಷ್ಟೇ ಆಮ್ಲಜನಕ ತುಂಬಿಕೊಂಡರೂ ಮುಂದೆ ಅದಕ್ಕೆ ಎದುರಾಗುವ ನೀರಿನಲ್ಲಿ ಇನ್ನೂ ಹೆಚ್ಚೇ ಇರುತ್ತದೆ. ನಾವು ಎಳೆದುಕೊಂಡ ಆಮ್ಲಜನಕದಲ್ಲಿ ಕಾಲು ಭಾಗ ಬಳಸಿದರೆ, ಕೆಲವು ಮೀನುಗಳು ನೀರಿನಲ್ಲಿರುವುದರ 80 ಪ್ರತಿಶತದವರೆಗೂ ಹೀರಬಲ್ಲವು. ಆದರೆ ಈ ಪದರಗಳು ಬಿಡಿಬಿಡಿಯಾಗಿ ನಿಲ್ಲುವುದು ನೀರಿನೊಳಗೆ ಮಾತ್ರ. ದಡಕ್ಕೆ ಬಿದ್ದ ರೋಹುವಿನ ಕಿವಿರು ಮುಚ್ಚಳ ಎತ್ತಿ ನೋಡಿ, ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತವೆ. ಸುತ್ತ ಗಾಳಿ ಎಷ್ಟಿದ್ದರೂ ಹೀರಲು ಜಾಗವೇ ಉಳಿದಿರುವುದಿಲ್ಲ.

ಇನ್ನು ಬೆಳಗಿನ ಜಾವವೇ ಯಾಕೆ? ಹಗಲಲ್ಲಿ ಹಸಿರು ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ, ಮೀನು, ತಳದಲ್ಲಿ ಕೊಳೆಯುವ ಸಗಣಿ, ಮಿಕ್ಕ ಹಿಂಡಿ, ತೌಡು ಎಲ್ಲವೂ ಆಮ್ಲಜನಕ ಬಳಸುತ್ತವೆ, ಹೊಸದು ಹುಟ್ಟುವುದಿಲ್ಲ. ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ಮೋಡ ಕವಿದ ದಿನಗಳ ನಂತರ ಇದು ಇನ್ನೂ ಬಿಗಡಾಯಿಸುತ್ತದೆ.

ಕೊರತೆ ಆಮ್ಲಜನಕದ್ದು ಮಾತ್ರವಾಗಿದ್ದರೆ ಮೀನು ಇನ್ನಷ್ಟು ತಡೆದುಕೊಳ್ಳುತ್ತಿತ್ತು. ರಾತ್ರಿಯಿಡೀ ಇಂಗಾಲದ ಡೈಆಕ್ಸೈಡ್ ಕೂಡ ನೀರಿನಲ್ಲಿ ಕೂಡಿಕೊಳ್ಳುತ್ತದೆ. ಅದು ಹೆಚ್ಚಾದರೆ ರಕ್ತ ಹುಳಿಯಾಗಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಬಿಗಿ ಸಡಿಲವಾಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಕ್ರಿಶ್ಚಿಯನ್ ಬೋರ್ ಮತ್ತು ಸಂಗಡಿಗರು 1904ರಲ್ಲಿ ತೋರಿಸಿದ ಸಂಗತಿಯಿದು. ಸ್ನಾಯುಗಳ ಬಳಿ ಈ ಸಡಿಲಿಕೆ ಬೇಕೇಬೇಕು, ಆಮ್ಲಜನಕ ಇಳಿಯುವುದೇ ಹಾಗೆ. ಆದರೆ ಹೊಂಡದ ನೀರೇ ಡೈಆಕ್ಸೈಡ್ ತುಂಬಿಕೊಂಡಿದ್ದರೆ, ಕಿವಿರಿನಲ್ಲಿ ಆಮ್ಲಜನಕ ಹತ್ತಿಸಿಕೊಳ್ಳುವಾಗಲೇ ಹಿಡಿತ ತಪ್ಪುತ್ತದೆ. ಇರುವ ಅಲ್ಪವೂ ರಕ್ತಕ್ಕೆ ಸರಿಯಾಗಿ ಏರುವುದಿಲ್ಲ.

ದೊಡ್ಡ ಮೀನು ಮೊದಲು ಸತ್ತದ್ದು ಆಮ್ಲಜನಕದ ಕೊರತೆಯ ಒಳ್ಳೆಯ ಗುರುತು. ವಿಷ ಸೇರಿದರೆ ಸಾಮಾನ್ಯವಾಗಿ ಮರಿಗಳು ಮೊದಲು ಹೋಗುತ್ತವೆ. ಖಚಿತಪಡಿಸಿಕೊಳ್ಳಲು ಆಮ್ಲಜನಕದ ಮೀಟರ್ ಅಥವಾ ಕಿಟ್‌ನಿಂದ ಸೂರ್ಯೋದಯಕ್ಕೆ ಮುಂಚೆ ಅಳೆಯಿರಿ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಚಿಂತೆಯಿಲ್ಲ. 3ಕ್ಕಿಂತ ಕೆಳಗಿಳಿದರೆ ಮೀನು ಸರಿಯಾಗಿ ತಿನ್ನುವುದಿಲ್ಲ, ಬೆಳೆಯುವುದಿಲ್ಲ. 1ರ ಆಸುಪಾಸಿನಲ್ಲಿ ಕೆಲವು ಗಂಟೆ ನಿಂತರೆ ಸಾವು ಶುರು. ಮಧ್ಯಾಹ್ನ 3ರ ಅಳತೆ ನಂಬಬೇಡಿ, ಪಾಚಿ ಹೆಚ್ಚಿರುವ ಹೊಂಡದಲ್ಲಿ ಅದು 10 ದಾಟಿರುತ್ತದೆ. ಮೀಟರ್ ಇಲ್ಲದಿದ್ದರೆ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ. ಅಷ್ಟರೊಳಗೆ ಬೆರಳು ಕಾಣದಾಗಿ, ನೀರು ಕಡು ಹಸಿರಾಗಿದ್ದರೆ ಪಾಚಿ ಮಿತಿಮೀರಿದೆ. ಕೆಸರಿನಿಂದ ಕದಡಿದ ನೀರಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಮೀನು ಬಾಯಿ ಬಿಡುತ್ತಿರುವುದು ಕಂಡ ಕೂಡಲೇ ಹೊಂಡದ ನೀರನ್ನೇ ಪಂಪಿನಿಂದ ಎತ್ತಿ, ಹನಿಹನಿಯಾಗಿ ಚದುರಿ ಬೀಳುವಂತೆ ಚಿಮ್ಮಿಸಿ. ಫುಟ್‌ವಾಲ್ವ್ (ಪಂಪು ನೀರೆಳೆಯುವ ತುದಿ) ನೀರಿನ ಮೇಲ್ಭಾಗದಲ್ಲೇ ಇರಲಿ, ತಳದ ಕೊಳೆ ಕದಡಿದರೆ ಉಳಿದ ಆಮ್ಲಜನಕವೂ ಹೋದೀತು. ಬೋರ್‌ವೆಲ್ ನೀರನ್ನು ಪೈಪಿನಿಂದ ನೇರವಾಗಿ ಬಿಡಬೇಡಿ. ಅದರಲ್ಲಿ ಆಮ್ಲಜನಕ ತೀರಾ ಕಡಿಮೆ, ಅದನ್ನೂ ಚಿಮ್ಮಿಸಿಯೇ ಬಿಡಬೇಕು. ಸುಣ್ಣ ಹಾಕಿದರೆ ಅದು ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕ ಕೊಡುವುದಿಲ್ಲ. ನೀರಿನಲ್ಲಿ ಅಮೋನಿಯಾ ಇರುವಾಗ ಅತಿಯಾಗಿ ಸುರಿದರೆ ಕ್ಷಾರ ಏರಿ ಅಮೋನಿಯಾ ವಿಷವಾಗುತ್ತದೆ.

ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇದ್ದವರು ಅದನ್ನು ಹಾಕುವುದು ತಡವಾಗಿ. 10 ಗುಂಟೆ ಹೊಂಡದಲ್ಲಿ ಒಂದೂವರೆ ಮೀಟರ್ ನೀರಿದ್ದರೆ ಸುಮಾರು 15 ಲಕ್ಷ ಲೀಟರ್. ಅದರಲ್ಲಿ ಲೀಟರಿಗೆ 1 ಮಿಲಿಗ್ರಾಂ ಏರಿಸಲು ಒಂದೂವರೆ ಕೆಜಿ ಆಮ್ಲಜನಕ ಬೇಕು. 1 ಎಚ್‌ಪಿ ಪ್ಯಾಡಲ್ ವೀಲ್ (ಚಕ್ರದಿಂದ ನೀರು ಚಿಮ್ಮಿಸುವ ಏರೇಟರ್) ಹೊಂಡದಲ್ಲಿ ಗಂಟೆಗೆ ಹೆಚ್ಚುಕಡಿಮೆ ಒಂದು ಕೆಜಿ ಸೇರಿಸೀತು. ಆ ನಡುವೆ ಆಮ್ಲಜನಕದ ಖರ್ಚು ನಿಲ್ಲುವುದಿಲ್ಲ. ಮೀನು ಮೇಲೆ ಬಂದ ಮೇಲೆ ಓಡಿಸುವುದಕ್ಕಿಂತ ಮಧ್ಯರಾತ್ರಿಯಿಂದ ಬೆಳಕಾಗುವವರೆಗೆ ಓಡಿಸುವುದೇ ಸರಿ. ಬಾಯಿ ಬಿಡುವುದು ನಿಲ್ಲುವವರೆಗೆ ಸಗಣಿ, ಗೊಬ್ಬರ, ಆಹಾರ ಬೇಡ. ಆಮೇಲೆ ಆಹಾರವನ್ನು ಅರ್ಧ ಪ್ರಮಾಣದಿಂದ ಶುರು ಮಾಡಿ.

ಅಂದ ಹಾಗೆ, ಕೊರವ ಮೀನು ಮೇಲೆ ಬಂದರೆ ಗಾಬರಿಯಾಗಬೇಡಿ. ಅದರ ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹೀರುವ ಬೇರೆಯೇ ಕೋಣೆಯಿದೆ, ಅದು ನಿಜವಾಗಿಯೂ ಗಾಳಿ ಕುಡಿಯುತ್ತದೆ. ಮೇಲೆ ಬರದಂತೆ ಬಲೆಯಡಿ ತಡೆದಿಟ್ಟರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.