ಪದ ಪರಿಚಯ: ವೈಪರಿನ ‘ಪಾರ್ಕ್’

ಗಾಡಿ ಪಾರ್ಕ್ ಮಾಡುವುದು ಎಲ್ಲರಿಗೂ ಗೊತ್ತು. ವೈಪರೂ ಪಾರ್ಕ್ ಆಗುತ್ತದೆ ಎನ್ನುವುದು ಅದು ಕೆಡುವ ತನಕ ಯಾರಿಗೂ ಹೊಳೆಯುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಬ್ಲೇಡುಗಳು ಗಾಜಿನ ನಡುವೆ ನಿಲ್ಲದೆ, ತಾವಾಗಿಯೇ ಕೆಳಗಿಳಿದು ಅಂಚಿನಲ್ಲಿ ಮಲಗುತ್ತವಲ್ಲ, ಅದೇ ಪಾರ್ಕ್. ಅಂದರೆ ವೈಪರಿನ ಮಟ್ಟಿಗೆ ‘ಆಫ್’ ಎಂದರೆ ‘ನಿಲ್ಲು’ ಅಲ್ಲ, ‘ಮನೆಗೆ ಹೋಗು’.

ಮನೆಗೆ ಹೋಗಲು ಕರೆಂಟು ಬೇಕಲ್ಲ? ಅದಕ್ಕೇ ಮೋಟಾರಿನ ಗೇರಿನ ಜೊತೆ ಒಂದು ಪುಟ್ಟ ಕಾಂಟ್ಯಾಕ್ಟ್ ಇರುತ್ತದೆ. ಸ್ವಿಚ್ ಆಫ್ ಆದರೂ ಇನ್ನೊಂದು ವೈರಿನಿಂದ, ಪಾರ್ಕ್ ವೈರಿನಿಂದ, ಮೋಟಾರಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಬ್ಲೇಡು ಕೆಳಗೆ ಮುಟ್ಟಿದಾಗ ಈ ಕಾಂಟ್ಯಾಕ್ಟ್ ಅದನ್ನು ಕಡಿಯುತ್ತದೆ. ಈಚಿನ ಮೋಟಾರುಗಳಲ್ಲಿ ಕಡಿಯುವುದಷ್ಟೇ ಅಲ್ಲ, ಆ ವೈರನ್ನು ಅರ್ತಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ಸೇರಿರುವ ಗಾಡಿಯ ಬಾಡಿಗೆ, ಸೇರಿಸಿ ಬ್ರೇಕ್ ಹಾಕಿದಂತೆ ಮೋಟಾರನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ಈ ‘ಅರ್ತಿಗೆ ಸೇರಿಸಿ’ ಎನ್ನುವುದೇ ನಮ್ಮನ್ನು ಒಂದು ವಾರ ಕುಣಿಸಿತು. ಮಡಿಕೇರಿ ಹತ್ತಿರ ತೋಟದಲ್ಲಿರುವ ನಮ್ಮ ಮಾವನ ಹಳೇ ಅಂಬಾಸಿಡರ್‌ಗೆ ಯಾರೋ ಈಚಿನ ಮೋಟಾರು ಕೂರಿಸಿ, ಡ್ಯಾಶ್‌ಬೋರ್ಡಿನ ಎರಡೇ ಕಾಲಿನ (ಎರಡೇ ವೈರು ಸೇರಿಸುವ) ಎಳೆಯುವ ಸ್ವಿಚ್ಚನ್ನು ಹಾಗೇ ಬಿಟ್ಟಿದ್ದರು. ಮಿಕ್ಕ ಪಾರ್ಕ್ ವೈರನ್ನು ಏನು ಮಾಡುವುದೆಂದು ತೋಚದೆ ಮೋಟಾರಿನ ವೈರಿಗೇ ಸುತ್ತಿ ಟೇಪು ಹಾಕಿದ್ದರು. ಕೊಡಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಸಂಪಾಜೆ ಘಾಟಿ ಇಳಿಯಬೇಕು, ಸ್ವಿಚ್ ಎಳೆದ ತಕ್ಷಣ ಫ್ಯೂಸು ಢಂ! ‘ಮೋಟಾರ್ ಶಾರ್ಟ್ ಆಗಿದೆ ಅಣ್ಣ, ಹೊಸದು ಹಾಕ್ಬೇಕು’ ಎಂದರು ಗ್ಯಾರೇಜಿನವರು. ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟರೆ ಮೋಟಾರು ಗಿರ್ರನೆ ತಿರುಗಿತು!

ಲೆಕ್ಕ ಹಾಕಿದರೆ ಸಂಗತಿ ಸರಳ. ಬ್ಲೇಡು ಕೆಳಗೆ ಮಲಗಿರುವಾಗ ಪಾರ್ಕ್ ವೈರು ಅರ್ತಿನಲ್ಲಿರುತ್ತದೆ. ಅದಕ್ಕೆ ಸ್ವಿಚ್ಚಿನಿಂದ ಪಾಸಿಟಿವ್ ಕೊಟ್ಟರೆ ನೇರ ಶಾರ್ಟ್. ಬೇಕಿದ್ದುದು ಮೂರು ಕಾಲಿನ ಸ್ವಿಚ್ಚು, ಮನೆಯ ಮೆಟ್ಟಿಲ ದೀಪಕ್ಕೆ ಹಾಕುತ್ತೇವಲ್ಲ, ಆ ಟೂ ವೇ ಥರದ್ದು: ಆನ್ ಮಾಡಿದರೆ ಮೋಟಾರಿನ ವೈರು ಫ್ಯೂಸಿನ ಪಾಸಿಟಿವ್‌ಗೆ, ಆಫ್ ಮಾಡಿದರೆ ಪಾರ್ಕ್ ವೈರಿಗೆ. ಎರಡೂ ಒಟ್ಟಿಗೆ ಎಂದೂ ಸೇರಬಾರದು. ಮೋಟಾರಿನ ಮೇಲೆ ಅಂಕಿ ಅಚ್ಚಾಗಿದ್ದರೆ ಜರ್ಮನ್ ಪದ್ಧತಿಯಲ್ಲಿ 31 ಅರ್ತ್, 53 ಮೋಟಾರು. 53ರ ನಂತರ ಇಂಗ್ಲಿಷಿನ ‘ಎ’ (a) ಇದ್ದರೆ ಪಾಸಿಟಿವ್, ‘ಇ’ (e) ಇದ್ದರೆ ಪಾರ್ಕ್.

ಉಳಿದ ರೋಗಗಳನ್ನು ಗುರುತಿಸುವುದು ಸುಲಭ. ಆಫ್ ಮಾಡಿದಲ್ಲೇ ಬ್ಲೇಡು ನಿಂತುಬಿಟ್ಟರೆ ಪಾರ್ಕ್ ವೈರು ತುಂಡಾಗಿದೆ, ಇಲ್ಲವೇ ಆ ಕಾಂಟ್ಯಾಕ್ಟಿಗೆ ಕಿಲುಬು ಹಿಡಿದಿದೆ. ಮೂರು ತಿಂಗಳು ಚಪ್ಪಲಿಗೂ ಬೂಷ್ಟು ಬರುವ ನಮ್ಮ ಊರಲ್ಲಿ ತಾಮ್ರಕ್ಕೆ ಕಿಲುಬು ಬರದೆ ಇರುತ್ತದೆಯೇ? ಆಫ್ ಮಾಡಿದರೂ ನಿಲ್ಲದೆ ಓಡುತ್ತಿದ್ದರೆ ಅದೇ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಥವಾ ಸವೆದಿದೆ.

ಒಂದು ಎಚ್ಚರ. ಲೂಕಾಸ್ ಕಂಪನಿಯ ಎಲೆಕ್ಟ್ರಿಕ್ ಸಾಮಾನಿದ್ದ ಹಳೇ ಬ್ರಿಟಿಷ್ ಕಾರುಗಳ ಕೆಲವು ಮೋಟಾರುಗಳಿಗೆ ಹಸಿರು ವೈರಿನಲ್ಲಿ ಪಾಸಿಟಿವ್ ನೇರ ಬರುತ್ತದೆ, ಸ್ವಿಚ್ಚು ಕಡಿಯುವುದು ಅರ್ತನ್ನು. ಅಲ್ಲಿ ಸ್ವಿಚ್ ಆಫ್ ಇದ್ದಾಗಲೂ ಅದರ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ. ಅದು ಸ್ವಿಚ್ಚಿನ ದೋಷವಲ್ಲ, ಮೋಟಾರಿನೊಳಗಿಂದ ಹಾದು ಬಂದ ಕರೆಂಟು. ಅಂಥ ಗಾಡಿಗೆ ಮೇಲೆ ಹೇಳಿದ ಟೂ ವೇ ಜೋಡಣೆ ಹೊಂದುವುದಿಲ್ಲ.

ವೈಪರು ಮುದುಕನಂತೆ ಹೆಜ್ಜೆ ಹಾಕುತ್ತಿದ್ದರೆ ಅರ್ತ್ ನೋಡಿ. ಗಾಜಿಗೆ ನೀರು ಸುರಿದು ಓಡಿಸುತ್ತಾ, ವೋಲ್ಟ್ ಮೀಟರಿನ ಒಂದು ಕಡ್ಡಿ ಮೋಟಾರಿನ ಅರ್ತಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಬೋಲ್ಟಿನ ಬುಡದ ತುಕ್ಕು, ಪೇಂಟು ಕೆರೆದು ಬಿಗಿಯಬೇಕು.

ಮಾವನ ಕಾರಿಗೆ ಈಗ ಕಾರಿಗೆಂದೇ ಮಾಡಿದ ಮೂರು ಕಾಲಿನ ಸ್ವಿಚ್ಚಿದೆ. ಹಳೇ ಬಿರಡೆಯನ್ನೇ ಅದಕ್ಕೆ ಕೂರಿಸಿದ್ದೇವೆ, ಅವರ ಹಟಕ್ಕೆ.